ಕಸಿಯಾದ ಕಿಡ್ನಿ ಎಷ್ಟು ವರ್ಷ ಬಾಳುತ್ತದೆ? ಮೊದಲು ರಕ್ತ ಕೊಟ್ಟ ಹೊತ್ತು ಹೇಳಿ

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. 14 ತಿಂಗಳ ಹಿಂದೆ ಅವನಿಗೆ ನಮ್ಮವ್ವನ ಕಿಡ್ನಿ ಕಸಿ ಮಾಡಿದ್ದಾರೆ. ಅವ್ವನಿಗೆ ಈಗ 56. ರೋಣ ತಾಲ್ಲೂಕಿನ ನಮ್ಮೂರಿಂದ ತಿಂಗಳಿಗೊಮ್ಮೆ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬರುತ್ತೇವೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಒಂದು ವರ್ಷ 1.2 ಇತ್ತು. ಎರಡು ತಿಂಗಳ ಹಿಂದೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧದ ಮಟ್ಟ ರಕ್ತದಲ್ಲಿ 13 ಬಂತೆಂದು ಗುಳಿಗೆಯನ್ನು ಹೊತ್ತಿಗೆ 3 ಮಿಲಿಗ್ರಾಂನಿಂದ 2ಕ್ಕೆ ಇಳಿಸಿದರು. ಈಗ ಕ್ರಿಯಾಟಿನಿನ್ 1.6 ಆಗಿದೆ. ತಮ್ಮನಿಗೆ ಏನೂ ತ್ರಾಸಿಲ್ಲ, ಹೊಲಕ್ಕೂ ಹೋಗುತ್ತಾನೆ. ಅದೇ ವಾರ ಕಸಿಯಾದ ಹಾವೇರಿ ಕಡೆಯವರೊಬ್ಬರ ಕಿಡ್ನಿ ಆಗಲೇ ಹೋಗಿ, ಅವರು ಮತ್ತೆ ಡಯಾಲಿಸಿಸ್‌ಗೆ ಬರುತ್ತಿದ್ದಾರೆ. ಅವ್ವನದು ಅರ್ಧ ಹೊಂದಿಕೆ ಅಂದಿದ್ದರು, ಅದಕ್ಕೇ ಹೀಗಾಯಿತೇ? ಕಿಡ್ನಿ ಒಟ್ಟು ಎಷ್ಟು ವರ್ಷ ಬರುತ್ತದೆ? ಶಕ್ತಿ ಬರಲೆಂದು ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ, ನಡೆಯುತ್ತದೆಯೇ? ಅವ್ವನ ಉಳಿದ ಕಿಡ್ನಿಗೆ ಏನೂ ಆಗುವುದಿಲ್ಲವೇ?

ಉತ್ತರ: ಮುಂದಿನ ತಿಂಗಳ ತಾರೀಖಿಗೆ ಕಾಯಬೇಡಿ. ಈ ವಾರದಲ್ಲೇ ತಮ್ಮನನ್ನು ಕಿಡ್ನಿ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ. 1.2 ಇದ್ದದ್ದು 1.6 ಆಗುವುದೆಂದರೆ ಮೂರನೇ ಒಂದು ಪಾಲು ಏರಿಕೆ. ಕಸಿಯಾದವರಲ್ಲಿ ಕ್ರಿಯಾಟಿನಿನ್ ಅವರದೇ ಮೂಲಮಟ್ಟಕ್ಕಿಂತ ಶೇ 20–25 ಏರಿದರೆ ಕಾರಣ ಹುಡುಕಲೇಬೇಕು. ಲ್ಯಾಬಿನವರು ‘1.6 ಏನು ಬಹಳಲ್ಲ’ ಎಂದರೂ ಸಮಾಧಾನಪಟ್ಟುಕೊಳ್ಳಬೇಡಿ. ಕಸಿಯಾದವನಿಗೆ ಅವನ ಹಿಂದಿನ ಅಂಕಿಯೇ ಅಳತೆಗೋಲು. ಹೋಗುವ ದಿನ ಬೆಳಗಿನ ಟ್ಯಾಕ್ರೋಲಿಮಸ್ ಗುಳಿಗೆ ನುಂಗದೆ ಕಿಸೆಯಲ್ಲಿಟ್ಟುಕೊಂಡು ಹೋಗಲಿ, ರಕ್ತ ಕೊಟ್ಟ ಮೇಲೆ ನುಂಗಲಿ. ನೀವಾಗಿಯೇ ಗುಳಿಗೆ ಹೆಚ್ಚಿಸಬೇಡಿ, ಇಳಿಸಲೂಬೇಡಿ.

ಗುಳಿಗೆ ಕಿಸೆಯಲ್ಲಿರಲಿ ಅಂದದ್ದಕ್ಕೆ ಕಾರಣವಿದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 13. ಟ್ಯಾಕ್ರೋಲಿಮಸ್‌ನ ಮಟ್ಟ ಅಳೆಯುವುದು ರಕ್ತದಲ್ಲಿ ಅದು ಅತಿ ಕಡಿಮೆ ಇರುವ ಹೊತ್ತಿನಲ್ಲಿ, ಅಂದರೆ ಹಿಂದಿನ ರಾತ್ರಿಯ ಗುಳಿಗೆಯಾಗಿ 12 ಗಂಟೆಗೆ, ಬೆಳಗಿನ ಗುಳಿಗೆಗೆ ಮೊದಲು. ನುಂಗಿದ ಮೇಲೆ 1ರಿಂದ 3 ಗಂಟೆಯೊಳಗೆ ಔಷಧ ರಕ್ತದಲ್ಲಿ ತುದಿಗೇರುತ್ತದೆ. ಆ ತುದಿ ತಳಮಟ್ಟದ ಎರಡು ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು. ಈಗ ನಿಮ್ಮ ಪ್ರಯಾಣ ನೋಡಿ. ನಸುಕಿನಲ್ಲೆದ್ದು ಬಸ್ಸು ಹಿಡಿಯುತ್ತೀರಿ. ಗದಗಿನಲ್ಲಿ ಬಸ್ಸು ಬದಲಿಸುವಾಗ ಚಹಾ ಕುಡಿದು, ‘ಹೊತ್ತಾತು, ಗುಳಿಗಿ ತಗೊ’ ಎಂದು ಯಾರಾದರೂ ನೆನಪಿಸುತ್ತಾರೆ. ಎಂಟಕ್ಕೆ ನುಂಗಿ, ಹುಬ್ಬಳ್ಳಿಯಲ್ಲಿ ಹತ್ತಕ್ಕೆ ತೋಳು ಚಾಚಿದರೆ ಆ ಸಿರಿಂಜಿಗೆ ಬರುವುದು ತುದಿಮಟ್ಟದ ರಕ್ತ. ವರದಿಯಲ್ಲಿ 13 ಎಂದಷ್ಟೇ ಇರುತ್ತದೆ; ಗುಳಿಗೆ ನುಂಗಿ ಎರಡು ಗಂಟೆಯಾಗಿತ್ತು ಎಂಬುದು ಇರುವುದಿಲ್ಲ. ವೈದ್ಯರು ಅದನ್ನು ತಳಮಟ್ಟವೆಂದೇ ಓದುತ್ತಾರೆ, ಪ್ರಮಾಣ ಇಳಿಸುತ್ತಾರೆ. ನಿಜವಾದ ತಳಮಟ್ಟ 6 ಇದ್ದಿದ್ದರೆ 3ರಿಂದ 2ಕ್ಕೆ ಇಳಿದ ಮೇಲೆ ಅದು 4ರ ಆಸುಪಾಸಿಗೆ ಬಂದಿರುತ್ತದೆ. ಮೊದಲ ವರ್ಷ ದಾಟಿದವರಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಮಿಲಿಲೀಟರಿಗೆ 5–8 ನ್ಯಾನೊಗ್ರಾಂ. ಅದಕ್ಕಿಂತ ಕೆಳಗೆ ಹೋದಷ್ಟೂ ದೇಹ ಆ ಕಿಡ್ನಿಯನ್ನು ಪರಕೀಯವೆಂದು ಗುರುತಿಸಿ ಅದರ ಮೇಲೆ ದಾಳಿ ಮಾಡುವ ಪ್ರತಿಕಾಯ ತಯಾರಿಸುವ ಸಂಭವ ಏರುತ್ತದೆ.

ನಿಮ್ಮ ತಮ್ಮನಿಗೆ ಹೀಗೆಯೇ ಆಗಿದೆ ಎಂದು ಪತ್ರ ನೋಡಿ ಹೇಳಲಾರೆ. ಆದರೆ ಆ ದಿನ ಗುಳಿಗೆ ನುಂಗಿದ್ದು ಎಷ್ಟು ಗಂಟೆಗೆ, ರಕ್ತ ಕೊಟ್ಟದ್ದು ಎಷ್ಟಕ್ಕೆ ಎಂದು ಅವನನ್ನು ಕೂರಿಸಿಕೊಂಡು ಕೇಳಿ, ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಆ ಎರಡು ಸಮಯಗಳಿಂದ ಅವರ ಅರ್ಧ ಕೆಲಸ ಹಗುರಾಗುತ್ತದೆ. ಪ್ರತಿ ಸಲ ಹೊರಡುವ ದಿನಕ್ಕೆ ತಕ್ಕಂತೆ ಹಿಂದಿನ ರಾತ್ರಿಯ ಗುಳಿಗೆಯ ಹೊತ್ತನ್ನೂ ನೋಡಿಕೊಳ್ಳಿ: ಬೆಳಗ್ಗೆ ಹತ್ತಕ್ಕೆ ರಕ್ತ ಕೊಡುವುದಾದರೆ ರಾತ್ರಿಯದು ಹತ್ತಕ್ಕೆ. ಅಥವಾ ಗದಗಿನಲ್ಲೇ ಬೆಳಗ್ಗೆ ಎಂಟಕ್ಕೆ ರಕ್ತ ತೆಗೆದು ಕಳಿಸುವ ಲ್ಯಾಬ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರಮಾಣ ಬದಲಾದ ಮೇಲೆ ಸುಮಾರು ಒಂದು ವಾರಕ್ಕೆ ಮತ್ತೆ ಮಟ್ಟ ನೋಡಿಸಬೇಕು. ಆಮೇಲೆ ಮಟ್ಟ ನೋಡಿಸಿದ್ದಾಗಿ ನೀವು ಬರೆದಿಲ್ಲ; ನೋಡಿಸಿರದಿದ್ದರೆ ಎರಡು ತಿಂಗಳು ಬಿಡಬಾರದಿತ್ತು.

‘ಏನೂ ತ್ರಾಸಿಲ್ಲ’ ಎಂದು ಬರೆದಿದ್ದೀರಿ. ಹಿಂದೆ ರಿಜೆಕ್ಷನ್ (ದೇಹ ಕಸಿಯ ಕಿಡ್ನಿಯನ್ನು ತಿರಸ್ಕರಿಸುವುದು) ಅಂದರೆ ಜ್ವರ, ಕಸಿಯಾದ ಜಾಗದಲ್ಲಿ ಬಾವು, ನೋವು, ಮೂತ್ರ ಇಳಿಮುಖ. ಟ್ಯಾಕ್ರೋಲಿಮಸ್ ಬಳಸುವ ಈ ಕಾಲದಲ್ಲಿ ಅದು ಹಾಗೆ ಸದ್ದು ಮಾಡಿ ಬರುವುದು ಅಪರೂಪ. ರೋಗಿ ಉಂಡು ತಿಂದು ಆರಾಮಾಗಿರುತ್ತಾನೆ. ಕ್ರಿಯಾಟಿನಿನ್ ಮಾತ್ರ ಏರುತ್ತಿರುತ್ತದೆ. ಹೊಲಕ್ಕೆ ಹೋಗುವಷ್ಟು ಚೆನ್ನಾಗಿದ್ದಾನೆ ಎಂಬುದನ್ನು ಕಿಡ್ನಿ ಚೆನ್ನಾಗಿದೆ ಎಂದು ಓದಿಕೊಳ್ಳಬೇಡಿ.

ಹಾಗಂತ ಏರಿದ ಕ್ರಿಯಾಟಿನಿನ್ ಎಲ್ಲವೂ ರಿಜೆಕ್ಷನ್ ಅಲ್ಲ. ಇಲ್ಲೇ ಕಸಿ ವೈದ್ಯದ ಅತ್ಯಂತ ಕಷ್ಟದ ತಿರುವು ಇರುವುದು. ಔಷಧ ಕಡಿಮೆಯಾದರೆ ರಿಜೆಕ್ಷನ್‌ನಿಂದ ಕ್ರಿಯಾಟಿನಿನ್ ಏರುತ್ತದೆ. ಔಷಧ ಹೆಚ್ಚಾದರೂ ಏರುತ್ತದೆ, ಏಕೆಂದರೆ ಟ್ಯಾಕ್ರೋಲಿಮಸ್ ಕಿಡ್ನಿಯೊಳಗೆ ಹೋಗುವ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಜೊತೆಗೆ ಕೈ ನಡುಕ, ತಲೆನೋವು ಬರಬಹುದು. ಬಿಕೆ ವೈರಸ್ ಎಂಬುದೊಂದಿದೆ. ಬಹುಪಾಲು ಜನರ ಕಿಡ್ನಿ, ಮೂತ್ರನಾಳಗಳಲ್ಲಿ ಸುಮ್ಮನೆ ಮಲಗಿರುವ ಇದು ನಿರೋಧಕ ಶಕ್ತಿ ತಗ್ಗಿದಾಗ ಎದ್ದು ಹೊಸ ಕಿಡ್ನಿಯನ್ನು ಕೆಡಿಸುತ್ತದೆ. ಅದಕ್ಕೆ ಮುಖ್ಯ ಚಿಕಿತ್ಸೆಯೇ ನಿರೋಧಕ ಶಕ್ತಿ ತಗ್ಗಿಸುವ ಔಷಧಗಳನ್ನು ಕಡಿಮೆ ಮಾಡುವುದು. ರಿಜೆಕ್ಷನ್‌ಗೆ ಮಾಡುವುದು ಅದರ ವಿರುದ್ಧ: ಮೂರು ದಿನ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ರಕ್ತನಾಳಕ್ಕೆ, ದಿನಕ್ಕೆ 500 ಮಿಲಿಗ್ರಾಂನಿಂದ 1 ಗ್ರಾಂವರೆಗೆ, ಬಗ್ಗದಿದ್ದರೆ ಇನ್ನೂ ಬಲವಾದ ಔಷಧ, ಪ್ರತಿಕಾಯಗಳ ರಿಜೆಕ್ಷನ್ ಆದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಬದಲಾವಣೆ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಊಹೆಯ ಮೇಲೆ ಚಿಕಿತ್ಸೆ ಶುರು ಮಾಡಿದರೆ ತಪ್ಪುವ ಸಂಭವ ಬಹಳ, ಆದ್ದರಿಂದಲೇ ಬಯಾಪ್ಸಿ, ಅಂದರೆ ಕಿಡ್ನಿಯ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು.

ಬಯಾಪ್ಸಿ ಅಂದಕೂಡಲೇ ಮನೆಯವರು ಹೆದರುತ್ತಾರೆ, ಮುಂದೂಡುತ್ತಾರೆ. ಅದು ಹೇಗೆ ನಡೆಯುತ್ತದೆಂದು ತಿಳಿದರೆ ಹೆದರಿಕೆ ಇಳಿಯುತ್ತದೆ. ಕಸಿಯಾದ ಕಿಡ್ನಿಯನ್ನು ಕೂರಿಸುವುದು ಬೆನ್ನಲ್ಲಿ ಅಲ್ಲ. ಕಿಬ್ಬೊಟ್ಟೆಯ ಒಂದು ಬದಿಗೆ, ಹೆಚ್ಚಾಗಿ ಬಲಕ್ಕೆ. ಚರ್ಮದಿಂದ ಬಹಳ ಆಳದಲ್ಲಿರುವುದಿಲ್ಲ, ಕೈಯಿಟ್ಟರೆ ಸಿಗುತ್ತದೆ. ಮಲಗಿಸಿ, ಆ ಜಾಗ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿ ಇಳಿಸುತ್ತಾರೆ. ಸೂಜಿ ಬಡಿಯುವ ‘ಟಕ್’ ಸದ್ದು ರೋಗಿಗೂ ಕೇಳುತ್ತದೆ. ಹೊರಬರುವುದು ಶಾವಿಗೆಯ ಎಳೆಯಂಥ ಒಂದೆರಡು ತುಣುಕು, ಸೆಂಟಿಮೀಟರ್ ಒಂದೂವರೆಯಷ್ಟು ಉದ್ದ. ಆಮೇಲೆ ಆ ಜಾಗ ಒತ್ತಿಹಿಡಿದು ಹಲವು ತಾಸು ಅಲುಗಾಡದೆ ಮಲಗಬೇಕು. ಮೂತ್ರದಲ್ಲಿ ರಕ್ತ ಕಾಣುತ್ತದೆಯೇ ಎಂದು ನೋಡುತ್ತಿರುತ್ತಾರೆ. ಸ್ವಲ್ಪ ರಕ್ತ ಕಂಡು ತಾನೇ ನಿಲ್ಲುವುದು ಉಂಟು, ದೊಡ್ಡ ತೊಂದರೆ ಅಪರೂಪ. ನಿಮ್ಮ ತಮ್ಮ ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಬಯಾಪ್ಸಿಗೆ ಮುನ್ನ ವೈದ್ಯರು ಕ್ರಿಯಾಟಿನಿನ್ ಮತ್ತೊಮ್ಮೆ ಅದೇ ಲ್ಯಾಬಿನಲ್ಲಿ, ಸರಿಯಾದ ಹೊತ್ತಿನ ಟ್ಯಾಕ್ರೋಲಿಮಸ್, ಮೂತ್ರದ ಕಲ್ಚರ್ (ಸೋಂಕಿನ ಪರೀಕ್ಷೆ) ಮತ್ತು ಪ್ರೋಟೀನು, ರಕ್ತದಲ್ಲಿ ಬಿಕೆ ವೈರಸ್, ದಾನಿಯ ವಿರುದ್ಧದ ಪ್ರತಿಕಾಯ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ನೋಡಿಸಬಹುದು. ಇವುಗಳಲ್ಲಿ ಕೆಲವಕ್ಕೆ ದುಡ್ಡು ಹೆಚ್ಚು, ನಿಜ. ಕಿಡ್ನಿ ಹೋದರೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂಬುದನ್ನು ಎದುರಿಗಿಟ್ಟು ತೂಗಿ.

ಲ್ಯಾಬ್ ಬದಲಾದರೆ ಅಂಕಿ ಒಂದೆರಡು ದಶಾಂಶ ಆಚೀಚೆಯಾಗುತ್ತದೆ, ಆದ್ದರಿಂದ ಒಂದೇ ಲ್ಯಾಬು ಹಿಡಿಯಿರಿ. ಏಪ್ರಿಲ್, ಮೇ ಬಿಸಿಲಲ್ಲಿ ರೋಣದ ಹೊಲದಲ್ಲಿ ದುಡಿದು ನೀರು ಕಡಿಮೆ ಕುಡಿದರೂ ಕ್ರಿಯಾಟಿನಿನ್ ಏರುತ್ತದೆ. ಎರಡು ದಿನ ಭೇದಿಯಾದರೂ ಏರುತ್ತದೆ. ಭೇದಿಯಲ್ಲಿ ಇನ್ನೊಂದು ವಿಚಿತ್ರವಿದೆ. ಗುಳಿಗೆ ಹೊರಗೆ ಹೋಗಿ ಮಟ್ಟ ಇಳಿಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಟ್ಯಾಕ್ರೋಲಿಮಸ್‌ನಲ್ಲಿ ತಿರುಗುಮುರುಗು: ಕರುಳಿನ ಗೋಡೆಯಲ್ಲಿ ಅದನ್ನು ತಡೆದು ಒಡೆಯುವ ವ್ಯವಸ್ಥೆ ಭೇದಿಯಲ್ಲಿ ಕೆಟ್ಟು, ಹೆಚ್ಚು ಔಷಧ ರಕ್ತಕ್ಕೆ ದಾಟಿ ಮಟ್ಟ ಮೇಲೇರುತ್ತದೆ. ಮೊದಲೇ ನೀರು ಬತ್ತಿದ ಕಿಡ್ನಿಗೆ ಮೇಲಿಂದ ಔಷಧದ ಹೊಡೆತ. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ನೀರುಭೇದಿಯಾದರೆ ಒಆರ್‌ಎಸ್ ಕುಡಿಸುತ್ತಲೇ ಅದೇ ದಿನ ವೈದ್ಯರಿಗೆ ಫೋನ್ ಮಾಡಿ.

ಈಗ ಹೊಂದಿಕೆಯ ಮಾತು. ಅರ್ಧ ಹೊಂದಿಕೆ ಅಂದಿದ್ದಕ್ಕೆ ನಿಮ್ಮವ್ವ ಒಳಗೊಳಗೇ ನೊಂದುಕೊಂಡಿರಬಹುದು. ಅವರಿಗೆ ಇದನ್ನು ಓದಿ ಹೇಳಿ. ತಾಯಿ ಮಗನಿಗೆ ಕೊಡುವಾಗ ಅರ್ಧ ಹೊಂದುವುದೇ ಪ್ರಕೃತಿಯ ನಿಯಮ. ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳ ಒಂದು ಕಟ್ಟು ತಾಯಿಯಿಂದ ಬರುತ್ತದೆ, ಇನ್ನೊಂದು ತಂದೆಯಿಂದ. ಕಸಿಗೆ ಮುಖ್ಯವಾಗಿ ನೋಡುವ ಆರರಲ್ಲಿ ಮೂರು ಹೊಂದುವುದು ಖಚಿತ, ಉಳಿದವು ಹೊಂದಿದರೆ ಅದೃಷ್ಟ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಏನೂ ಹೊಂದದಿರುವ ಸಂಭವವೂ ಅಷ್ಟೇ. ರಿಜೆಕ್ಷನ್ ತಡೆಯುವ ಔಷಧಗಳಾದ ಸೈಕ್ಲೋಸ್ಪೊರಿನ್ 1983ರಲ್ಲಿ, ಟ್ಯಾಕ್ರೋಲಿಮಸ್ 1994ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಮೇಲೆ ಹೊಂದಿಕೆಯ ತೂಕ ಬಹಳ ಇಳಿಯಿತು. ರಕ್ತಸಂಬಂಧವೇ ಇಲ್ಲದ ಹೆಂಡತಿ ಕೊಟ್ಟ ಕಿಡ್ನಿಗಳೂ ಚೆನ್ನಾಗಿ ಬಾಳುತ್ತಿವೆ. ಹೊಂದದ ಮೂರು ಗುರುತುಗಳನ್ನು ದೇಹದ ಕಣ್ಣಿಂದ ಮರೆಮಾಡುವುದೇ ದಿನಕ್ಕೆರಡು ಹೊತ್ತಿನ ಆ ಗುಳಿಗೆಗಳ ಕೆಲಸ.

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ, ಯಶಸ್ವಿಯಾದ ಮೊದಲ ಕಿಡ್ನಿ ಕಸಿ ನೂರಕ್ಕೆ ನೂರು ಹೊಂದಿಕೆಯದು: ಒಂದೇ ರೂಪದ ಅವಳಿಗಳಲ್ಲಿ ರೊನಾಲ್ಡ್ ಹೆರಿಕ್ ತನ್ನ ಸಹೋದರ ರಿಚರ್ಡ್‌ಗೆ ಕೊಟ್ಟದ್ದು. ಗುಳಿಗೆಯೇ ಬೇಕಾಗಲಿಲ್ಲ. ಆದರೂ ರಿಚರ್ಡ್ ಬದುಕಿದ್ದು ಎಂಟು ವರ್ಷ. ಅವನ ಮೊದಲಿನ ಕಿಡ್ನಿಗಳನ್ನು ತಿಂದ ರೋಗವೇ ಹೊಸ ಕಿಡ್ನಿಗೂ ಮರಳಿತ್ತು. ನಿಮ್ಮ ತಮ್ಮನ ಕಿಡ್ನಿ ಮೊದಲು ಯಾವ ಕಾರಣಕ್ಕೆ ಹೋಯಿತೆಂದು ಬರೆದಿಲ್ಲ. ಕಿಡ್ನಿಯ ಸೋಸುವ ಗಂಟುಗಳು ಗಡುಸಾಗುವ ಎಫ್‌ಎಸ್‌ಜಿಎಸ್ ಎಂಬ ರೋಗವಾಗಿದ್ದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಮರಳುತ್ತದೆ. ಐಜಿಎ ಎಂಬ ಕಿಡ್ನಿಯ ಉರಿಯೂತದ ಕಾಯಿಲೆಯೂ ಮರಳುತ್ತದೆ, ಆದರೆ ನಿಧಾನ. ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವುದು ಇದರ ಮೊದಲ ಸುಳಿವು. ಹಳೆಯ ಫೈಲಿನಲ್ಲಿ ಮೊದಲ ಬಯಾಪ್ಸಿಯ ವರದಿ ಇದ್ದರೆ ಜೊತೆಗೆ ಒಯ್ಯಿರಿ.

ಹಾವೇರಿಯವರ ಕಿಡ್ನಿ ಏಕೆ ಹೋಯಿತೋ ಅವರ ಕಾಗದ ನೋಡದೆ ಹೇಳುವುದು ತಪ್ಪು. ಒಂದೇ ವಾರ ಕಸಿಯಾದರೂ ಇಬ್ಬರ ಆರಂಭದ ಬಂಡವಾಳ ಒಂದೇ ಇರುವುದಿಲ್ಲ, ಅಷ್ಟು ಹೇಳಬಲ್ಲೆ. ಬದುಕಿರುವ ದಾನಿಯ ಕಿಡ್ನಿ ಪಕ್ಕದ ಕೋಣೆಯಿಂದ ಬರುತ್ತದೆ, ರಕ್ತ ಹರಿಸಿದ ಕೆಲವು ನಿಮಿಷಗಳಲ್ಲೇ ಮೂತ್ರ ಹನಿಸುತ್ತದೆ. ಮಿದುಳು ಸತ್ತ ದಾನಿಯ ಕಿಡ್ನಿ ಮಂಜಿನ ಪೆಟ್ಟಿಗೆಯಲ್ಲಿ ತಾಸುಗಟ್ಟಲೆ ಕಳೆದಿರಬಹುದು. ನಮ್ಮ ರಾಜ್ಯದಲ್ಲಿ ಇಂಥ ಅಂಗಗಳ ಹಂಚಿಕೆ ಜೀವಸಾರ್ಥಕತೆ ಸಂಸ್ಥೆಯ ಮೂಲಕ ನಡೆಯುತ್ತದೆ. ಕಿಡ್ನಿ 24 ತಾಸಿನವರೆಗೆ ತಡೆಯುತ್ತದೆ, ಆದರೆ ತಂಪಿನಲ್ಲಿ ಕಳೆದ ಒಂದೊಂದು ತಾಸೂ ಅದಕ್ಕೆ ಪೆಟ್ಟೇ. ಅಂಥ ಕಿಡ್ನಿ ಕೆಲವೊಮ್ಮೆ ಮೊದಲ ವಾರ ಏಳುವುದಿಲ್ಲ, ಅಷ್ಟು ದಿನ ಡಯಾಲಿಸಿಸ್ ಬೇಕಾಗುತ್ತದೆ. ದಾನಿಯ ವಯಸ್ಸು, ಬಿಪಿ, ಕಸಿ ಮಾಡಿಸಿಕೊಂಡವರು ಮೊದಲು ಎಷ್ಟು ವರ್ಷ ಡಯಾಲಿಸಿಸ್‌ನಲ್ಲಿದ್ದರು ಎಂಬುದೂ ಲೆಕ್ಕಕ್ಕೆ ಬರುತ್ತವೆ.

ಬಹಳ ಮನೆಗಳಿಗೆ ಗೊತ್ತಿರದ ಮತ್ತೊಂದು ಕಾರಣ ಹಳೆಯ ರಕ್ತದ ಬಾಟಲಿಗಳು. ಡಯಾಲಿಸಿಸ್‌ನಲ್ಲಿರುವಾಗ ರಕ್ತ ಕಡಿಮೆಯಾಯಿತೆಂದು ಮೇಲಿಂದ ಮೇಲೆ ರಕ್ತ ಏರಿಸಿಕೊಂಡರೆ ಅನ್ಯರ ಎಚ್‌ಎಲ್‌ಎ ಗುರುತುಗಳ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಬಸುರಿನಲ್ಲೂ ಹುಟ್ಟುತ್ತದೆ, ಮಕ್ಕಳಾದ ಹೆಣ್ಣುಮಗಳಿಗೆ ಗಂಡನ ಕಿಡ್ನಿ ಹಾಕುವ ಮುನ್ನ ಇಂಥ ಪ್ರತಿಕಾಯ ಹುಡುಕುವ ಕ್ರಾಸ್‌ಮ್ಯಾಚ್ ಪರೀಕ್ಷೆ ಅಷ್ಟು ಜಾಗ್ರತೆಯಿಂದ ಮಾಡುವುದು ಇದಕ್ಕೇ. ನಿಮ್ಮ ಕಡೆ ಯಾರಾದರೂ ಕಸಿಗೆ ಕಾಯುತ್ತ ಡಯಾಲಿಸಿಸ್‌ನಲ್ಲಿದ್ದರೆ ಹೇಳಿ: ರಕ್ತದ ಬಾಟಲಿ ಕೊನೆಯ ದಾರಿಯಾಗಿರಲಿ, ಅದಕ್ಕೆ ಮೊದಲು ರಕ್ತ ಹೆಚ್ಚಿಸುವ ಎರಿತ್ರೊಪೊಯಿಟಿನ್ ಚುಚ್ಚುಮದ್ದು, ಕಬ್ಬಿಣದ ಚುಚ್ಚುಮದ್ದು.

ಎಷ್ಟು ವರ್ಷ ಎಂದು ಕೇಳಿದ್ದೀರಿ. ಬದುಕಿರುವ ದಾನಿಯ ಕಿಡ್ನಿಗಳಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಮೊದಲ ವರ್ಷ ದಾಟುತ್ತವೆ. ಅಮೆರಿಕದಲ್ಲಿ 2014–17ರ ನಡುವೆ ಕಸಿಯಾದವರ ಲೆಕ್ಕ ಹಾಕಿದಾಗ, ಬದುಕಿರುವ ದಾನಿಯ ಕಿಡ್ನಿಗಳಲ್ಲಿ ಅರ್ಧದಷ್ಟು ಸುಮಾರು 19 ವರ್ಷ ಬಾಳುವ ಅಂದಾಜು ಸಿಕ್ಕಿತು. ಮಿದುಳು ಸತ್ತ ದಾನಿಯದಾದರೆ ಸುಮಾರು 12. ಇವು ಗುಂಪಿನ ಸರಾಸರಿ, ನಿಮ್ಮ ತಮ್ಮನ ಜಾತಕವಲ್ಲ. 25 ವರ್ಷ ದಾಟಿದವೂ ಇವೆ. ನಡುವೆ ಕಳೆದುಹೋಗುವ ಕಿಡ್ನಿಗಳಲ್ಲಿ ದೊಡ್ಡ ಪಾಲು ಹೋಗುವುದು ಆಪರೇಷನ್ ಟೇಬಲ್ಲಿನ ಮೇಲೆ ಅಲ್ಲ, ಮನೆಯ ಕಪಾಟಿನ ಮುಂದೆ: ಗುಳಿಗೆ ತಪ್ಪಿದ್ದು, ಹೊತ್ತು ತಪ್ಪಿದ್ದು, ದುಡ್ಡಿಲ್ಲದೆ ಅರ್ಧಕ್ಕಿಳಿಸಿದ್ದು, ಆರಾಮಾಯಿತೆಂದು ನಿಲ್ಲಿಸಿದ್ದು. ಮೊದಲ ವರ್ಷ ದಾಟಿದ ಮೇಲೆ ಇದು ಹೆಚ್ಚಬಹುದು, ಏಕೆಂದರೆ ಆ ಹೊತ್ತಿಗೆ ಹೆದರಿಕೆ ಹೋಗಿರುತ್ತದೆ. ನಿಮ್ಮ ತಮ್ಮ ಈಗ ಅದೇ ಹಂತದಲ್ಲಿದ್ದಾನೆ.

ರಕ್ತ ಕೊಡುವ ದಿನ ಮತ್ತು ಅದರ ಹಿಂದಿನ ರಾತ್ರಿ ಬಿಟ್ಟು ಉಳಿದ ದಿನಗಳಿಗೆ ಬೆಳಗ್ಗೆ ಎಂಟು, ರಾತ್ರಿ ಎಂಟು ಎಂದು ಒಂದು ಹೊತ್ತು ಗಟ್ಟಿ ಮಾಡಿ, ಫೋನಿನಲ್ಲಿ ಅಲಾರಂ ಇಡಿ. ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸು ನಂತರ ಒಳ್ಳೆಯದು. ಊಟದ ಜೊತೆಗೇ ರೂಢಿಯಾಗಿದ್ದರೆ ದಿನವೂ ಹಾಗೆಯೇ ಇರಲಿ. ಒಂದು ದಿನ ಖಾಲಿ ಹೊಟ್ಟೆ, ಒಂದು ದಿನ ಹೋಳಿಗೆ-ತುಪ್ಪ ಉಂಡು ಎಂದಾದರೆ ಮಟ್ಟ ಕುಣಿಯುತ್ತದೆ, ಆ ಕುಣಿತವೂ ಕಿಡ್ನಿಗೆ ಹಾನಿ. ಹೊತ್ತು ತಪ್ಪಿದರೆ ನೆನಪಾದ ಕೂಡಲೇ ತೆಗೆದುಕೊಳ್ಳಲಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಲಿ; ಎರಡನ್ನೂ ಕೂಡಿಸಿ ಎಂದೂ ನುಂಗಬಾರದು. ಶಿವರಾತ್ರಿ, ಏಕಾದಶಿಯ ಉಪವಾಸ ಹಿಡಿಯುವ ಮನೆಯಾದರೆ ಗುಳಿಗೆ ಮತ್ತು ನೀರು ಉಪವಾಸದಿಂದ ಹೊರಗೆ. ಮೆಡಿಕಲ್ ಶಾಪಿನಲ್ಲಿ ‘ಆ ಕಂಪನಿದು ಇಲ್ರಿ, ಇದೂ ಅದೇ’ ಎಂದು ಬೇರೆ ಪಟ್ಟಿ ಕೊಟ್ಟರೆ ತರಬೇಡಿ. ಕಂಪನಿ ಬದಲಾದರೆ ರಕ್ತಕ್ಕೆ ಸೇರುವ ಪ್ರಮಾಣ ಬದಲಾಗಬಹುದು. ದಿನಕ್ಕೊಮ್ಮೆ ನುಂಗುವ ನಿಧಾನವಾಗಿ ಬಿಡುವ ಬಗೆಯನ್ನು ದಿನಕ್ಕೆರಡು ಸಲದ ಬಗೆಯ ಜಾಗದಲ್ಲಿ ಕೊಟ್ಟರಂತೂ ಅನಾಹುತ. ಬದಲಿಸಲೇಬೇಕಾದರೆ ವೈದ್ಯರಿಗೆ ಹೇಳಿ, ವಾರಕ್ಕೆ ಮಟ್ಟ ನೋಡಿಸಿ. ಮನೆಯಲ್ಲಿ ಯಾವಾಗಲೂ ಹದಿನೈದು ದಿನದ ಹೆಚ್ಚುವರಿ ಗುಳಿಗೆ ಇರಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ಸಿಗುವ ನೆರವಿನ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ದುಡ್ಡಿನ ತೊಂದರೆಯಿಂದ ಗುಳಿಗೆ ತಪ್ಪಿಸುವ ಸ್ಥಿತಿ ಬಂದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ, ಅಗ್ಗದ ದಾರಿ ಹುಡುಕಲು ಅವರಿಗೆ ಬರುತ್ತದೆ.

ಅಮೃತಬಳ್ಳಿ ಕಷಾಯ ಇಂದೇ ನಿಲ್ಲಿಸಿ. ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಅದನ್ನು ಜನ ಕುಡಿಯುವುದೇ ರೋಗನಿರೋಧಕ ಶಕ್ತಿ ಹೆಚ್ಚಲೆಂದು. ತಮ್ಮ ದಿನಕ್ಕೆರಡು ಹೊತ್ತು ನುಂಗುವ ಗುಳಿಗೆ ಅದೇ ಶಕ್ತಿಯನ್ನು ತಗ್ಗಿಸಲು. ಒಂದು ಕೈಯಿಂದ ಬಾಗಿಲು ಹಾಕುತ್ತ ಇನ್ನೊಂದರಿಂದ ತೆರೆದಂತೆ. ಅಶ್ವಗಂಧ, ‘ಇಮ್ಯೂನಿಟಿ’ ಪುಡಿಗಳಿಗೂ ಇದೇ ಮಾತು. ಭಸ್ಮಗಳಲ್ಲಿ ಪಾದರಸ, ಸೀಸ ಇರಬಹುದಾದ್ದರಿಂದ ಅವಂತೂ ಮನೆಯೊಳಗೇ ಬೇಡ. ವೈದ್ಯರಿಗೂ ಕಷಾಯದ ವಿಷಯ ಮುಚ್ಚಿಡದೆ ಹೇಳಿ.

ನಮ್ಮ ಕಡೆ ಇದಕ್ಕಿಂತ ಹೆಚ್ಚು ಕಿಡ್ನಿ ಕೆಡಿಸುವುದು ಊರಿನ ದವಾಖಾನೆಯ ನೋವಿನ ಇಂಜೆಕ್ಷನ್. ಮೈಕೈ ನೋವು, ಜ್ವರ ಎಂದು ಹೋದರೆ ಡೈಕ್ಲೋಫಿನಾಕ್ ಚುಚ್ಚಿಬಿಡುತ್ತಾರೆ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಯಾವುದೂ ಬೇಡ, ಪ್ಯಾರಾಸಿಟಮಾಲ್ ನಡೆಯುತ್ತದೆ. ಇನ್ನೊಂದು, ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಫ್ಲುಕೊನಜೋಲ್ ಗುಳಿಗೆ. ಬೆವರಿನ ದಿನಗಳಲ್ಲಿ ತುರಿಕೆಗೆ ಚೀಟಿಯಿಲ್ಲದೆಯೂ ಸಿಗುವ ಇವು ಟ್ಯಾಕ್ರೋಲಿಮಸ್ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ, ಮಟ್ಟ ಹಲವು ಪಟ್ಟು ಏರುತ್ತದೆ. ಕ್ಲಾರಿತ್ರೊಮೈಸಿನ್, ಬಿಪಿಯ ಡಿಲ್ಟಿಯಾಜೆಮ್ ಕೂಡ ಹೀಗೇ. ಚಕ್ಕೋತ ಹಣ್ಣೂ ಹೀಗೇ. ಮೋಸಂಬಿ, ಸಾಮಾನ್ಯ ಕಿತ್ತಳೆಗೆ ಅಡ್ಡಿಯಿಲ್ಲ. ಇದರ ವಿರುದ್ಧ ದಿಕ್ಕಿಗೆ ಎಳೆಯುವುದು ರಿಫಾಂಪಿಸಿನ್. ಕಸಿಯಾದವರಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಷಯದ ಕೂಡುಗುಳಿಗೆಯಲ್ಲಿ ರಿಫಾಂಪಿಸಿನ್ ಇರುತ್ತದೆ. ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ನೆಲಕ್ಕಿಳಿಸುತ್ತದೆ, ಕೆಲವೇ ವಾರಗಳಲ್ಲಿ ರಿಜೆಕ್ಷನ್ ಆಗಬಹುದು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿತ ಇದ್ದರೆ ಪರೀಕ್ಷೆ ಅಲ್ಲೇ ಆಗಲಿ, ಆದರೆ ಮೊದಲ ಗುಳಿಗೆ ನುಂಗುವ ಮೊದಲು ಕಿಡ್ನಿ ತಜ್ಞರಿಗೆ ಫೋನ್ ಹೋಗಲೇಬೇಕು. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಮಟ್ಟ ಇಳಿಸುತ್ತವೆ.

ಕಿಡ್ನಿ ಉಳಿದರೂ ಮನುಷ್ಯ ಉಳಿಯಬೇಕಲ್ಲ. ಕಸಿಯಾದವರ ಸಾವಿಗೆ ಕಾರಣ ಹುಡುಕಿದರೆ ಹೃದಯ, ಸೋಂಕು, ಕ್ಯಾನ್ಸರ್ ಈ ಮೂರೇ ಮುಂದೆ ಬರುತ್ತವೆ. ನಮ್ಮಂಥ ದೇಶದಲ್ಲಿ ಸೋಂಕು ಬಹಳ ಮುಂದಿದೆ. ತಮ್ಮನ ಊಟದ ತಾಟು ನೆನೆಸಿಕೊಳ್ಳಿ: ಜೋಳದ ರೊಟ್ಟಿ, ಪಲ್ಯ, ಪಕ್ಕಕ್ಕೆ ಹಸಿ ಹಕ್ಕರಿಕಿ, ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ರೊಟ್ಟಿ, ಪಲ್ಯಕ್ಕೆ ತಕರಾರಿಲ್ಲ. ಹಸಿ ತಪ್ಪಲೇ ಆತಂಕದ್ದು, ಮಣ್ಣು ಮತ್ತು ಕೊಳಚೆ ನೀರಿನ ಹುಳುಗಳು ಎಲೆಯ ಸಂದಿಗಳಲ್ಲಿ ಕೂತಿರುತ್ತವೆ. ಅದನ್ನು ಬೇಯಿಸಿಯೇ ತಿನ್ನಲಿ. ಉಳ್ಳಾಗಡ್ಡಿ, ಸವತೆಯನ್ನು ಸಿಪ್ಪೆ ತೆಗೆದು ಮನೆಯಲ್ಲೇ ಹೆಚ್ಚಿ. ನಳದ ನೀರು ವಾರಕ್ಕೊಮ್ಮೆ ಬಂದು ಟಾಕಿಯಲ್ಲಿ ನಿಲ್ಲುವ ಕಡೆ ಕುದಿಸಿ ಆರಿಸಿದ ನೀರೇ ಕುಡಿಯಲಿ, ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್. ಬಿಸಿಲ ಕೆಲಸವಿದ್ದರೆ ಇನ್ನೂ ಹೆಚ್ಚು. ಬೂಷ್ಟು ಹಿಡಿದ ಕಣಿಕೆ ಬಣವಿ ಕೀಳುವುದು, ಸಗಣಿ ಬಳಿಯುವುದು, ರಾಶಿಯ ಧೂಳು ತಮ್ಮನಿಗೆ ಬೇಡ. ಆ ಧೂಳಿನಲ್ಲಿರುವ ಶಿಲೀಂಧ್ರ ಅವನ ಪುಪ್ಪುಸಕ್ಕೆ ಇಳಿದರೆ ಪ್ರಾಣಕ್ಕೇ ಬರುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹಾಕಲು ಹೋಗುವುದಿದ್ದರೆ ನೀವೇ ಹೋಗಿ. ಜ್ವರ 100.4 ದಾಟಿದರೆ ರಾತ್ರಿಯಾದರೂ ಫೋನ್ ಮಾಡಬೇಕು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆ ವೈದ್ಯರು ಹೇಳಿದಂತೆ. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆ ಅವನಿಗೆ ಕೂಡದು.

ಸಕ್ಕರೆ ಕಾಯಿಲೆ ಮೊದಲಿಲ್ಲದವರಿಗೂ ಕಸಿಯ ನಂತರ ಬರುತ್ತದೆ, ಟ್ಯಾಕ್ರೋಲಿಮಸ್ ಮತ್ತು ಪ್ರೆಡ್ನಿಸೊಲೋನ್ ಎರಡೂ ಅದಕ್ಕೆ ಕಾರಣ. ಬೆಳಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ಸಂಜೆಗೆ. ಖಾಲಿ ಹೊಟ್ಟೆಯ ಪರೀಕ್ಷೆ ಸರಿ ಬಂದು ಮೋಸ ಹೋದವರು ಬಹಳ. ಮಧ್ಯಾಹ್ನದ ಊಟವಾಗಿ ಎರಡು ತಾಸಿಗೆ ನೋಡಿಸಿ. ಬಿಪಿ 130/80ರೊಳಗಿರಲಿ, ಮನೆಯಲ್ಲೇ ಯಂತ್ರವಿಟ್ಟು ಪುಸ್ತಕದಲ್ಲಿ ತೂಕದ ಜೊತೆ ಬರೆಯಿರಿ. ಗುಟ್ಕಾ, ತಂಬಾಕು ಇದ್ದರೆ ಇಂದೇ ಬಿಡಬೇಕು: ನಿರೋಧಕ ಶಕ್ತಿ ತಗ್ಗಿದ ಬಾಯಿಯಲ್ಲಿ ಕ್ಯಾನ್ಸರ್ ಬೇಗ ಬೇರೂರುತ್ತದೆ.

ಇನ್ನು ಅವ್ವನ ವಿಷಯ. 1954ರಲ್ಲಿ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್‌ಗೆ ಆಗ 23 ವರ್ಷ. ಅವರು ತೀರಿಕೊಂಡದ್ದು 2010ರಲ್ಲಿ, 79ನೇ ವಯಸ್ಸಿಗೆ. ಉಳಿದ ಒಂದು ಕಿಡ್ನಿ ಕೆಲವೇ ವಾರಗಳಲ್ಲಿ ಹಿಗ್ಗಿ, ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಶೇ 70ನ್ನು ಹೊತ್ತುಕೊಳ್ಳುತ್ತದೆ. ಅದರಲ್ಲಿ ನೆಮ್ಮದಿಯಿಂದ ಬಾಳಬಹುದು, ಹೊಲಮನೆ ನೋಡಬಹುದು. ಆದರೆ ತಪಾಸಣೆ ಬೇಕು, ಬಹಳ ಮನೆಗಳಲ್ಲಿ ಮಗನ ಫೈಲು ದಪ್ಪವಾಗುತ್ತದೆ, ತಾಯಿಯದು ಆಪರೇಷನ್ ದಿನಕ್ಕೇ ನಿಂತಿರುತ್ತದೆ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನು. ಮೊಣಕಾಲು ನೋವಿಗೆ ಅವರಿಗೂ ಡೈಕ್ಲೋಫಿನಾಕ್ ಬೇಡ. ಈ ವಾರ ಹುಬ್ಬಳ್ಳಿಗೆ ಹೊರಟಾಗ ಅವ್ವನನ್ನೂ ಅದೇ ಬಸ್ಸಿಗೆ ಹತ್ತಿಸಿಕೊಳ್ಳಿ. ಬಿಪಿಯ ಗುಳಿಗೆ ಇದ್ದರೆ ಅವರು ಎಂದಿನಂತೆ ನುಂಗಿಯೇ ಬರಲಿ. ಕಿಸೆಯಲ್ಲಿ ಉಳಿಯಬೇಕಾದ್ದು ತಮ್ಮನದು.